ನಾಲ್ಕು ಉಸಿರು

ಅಕ್ಕಾ,

ಮೊದಲು ಒಂದು ಕೆಲಸ ಮಾಡು. ಮಂಗಳವಾರ ಹನ್ನೊಂದು ಗಂಟೆಗೆ ಕಿವಿ ಡಾಕ್ಟರ ಹತ್ತಿರ ನನ್ನ ಹೆಸರು ಬರೆಸಿಟ್ಟಿದ್ದೀಯಲ್ಲ, ಅದನ್ನು ತೆಗೆಸಿಬಿಡು. ಆ ಹೊತ್ತಿಗೆ ನಿಜವಾಗಿ ಕಿವಿ ನೋಯುತ್ತಿರುವ ಯಾರಾದರೂ ಬರಲಿ. ನನ್ನ ಕಿವಿಗೆ ಏನೂ ಆಗಿಲ್ಲ. ದ್ವೀಪದಲ್ಲಿದ್ದಾಗಲೂ ಏನೂ ಆಗಿರಲಿಲ್ಲ.

ಈಗ ನೀನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನಂತೆ ಇವಳದು" ಎಂದುಕೊಂಡು, ಮತ್ತೆ ಹಾಕಿಕೊಂಡಿರುತ್ತೀಯ. ಹಾಕಿಕೊಂಡೇ ಓದು. ನಾವು ವಾಪಸು ಬಂದು ಹನ್ನೆರಡು ದಿನವಾಯಿತು. ಹನ್ನೆರಡು ದಿನವೂ ನಿನ್ನ ಫೋನು, ಎರಡೇ ಪ್ರಶ್ನೆ. ಕಿವಿ ಹೇಗಿದೆ, ಕಾರ್ಡು ಬಂತಾ. ಸಮುದ್ರದೊಳಗೆ ಇಳಿಯಲು ಕಲಿತವರಿಗೆ ಕೊಡುವ ಆ ಕಾರ್ಡು ನಿನಗೆ ಅಲ್ಲೇ ಕೈಗೆ ಸಿಕ್ಕಿತು. ನನ್ನದು ಅಂಚೆಯಲ್ಲಿ ಬರುತ್ತದೆ ಎಂದು ನಾನು ಹೇಳಿದ್ದೆ. ಅದೂ ಸುಳ್ಳು. ಎರಡು ಸುಳ್ಳಿಗೂ ಕಾರಣ ಒಂದೇ. ಅದನ್ನು ಫೋನಿನಲ್ಲಿ ಹೇಳಲು ಮೂರು ಸಲ ಶುರು ಮಾಡಿದೆ. ಮೊದಲ ಸಲ ನೀನು "ಊಟ ಆಯ್ತಾ" ಅಂದೆ. ಎರಡನೇ ಸಲ ಯಾರೋ ಬಾಗಿಲು ತಟ್ಟಿದರು ಅಂತ ಎದ್ದುಹೋದೆ. ಮೂರನೇ ಸಲ, "ದನಿ ಯಾಕೆ ಹೀಗಿದೆ, ಶೀತಾನಾ? ಕಿವಿನೋವು ಶೀತದಿಂದಾನೇ ಬರೋದು" ಎಂದು ಬಿಸಿನೀರಿನ ಹಬೆ ತೆಗೆದುಕೊಳ್ಳುವ ಕ್ರಮವನ್ನೆಲ್ಲ ಹೇಳಿ ಮುಗಿಸಿದೆ. ಅದಕ್ಕೇ ಈ ಪತ್ರ. ಪತ್ರಕ್ಕೆ ನೀನು ನಡುವೆ ಬಾಯಿ ಹಾಕಲಾರೆ.

ಶುರುವಿನಿಂದಲೇ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಅದೆಲ್ಲ ನನ್ನ ಕಡೆಯಿಂದ ಹೇಗೆ ಕಂಡಿತು ಎನ್ನುವುದು ನಿನಗೆ ಗೊತ್ತಿಲ್ಲ.

ನಿನ್ನ ನಿವೃತ್ತಿಯ ದಿನ ಆಸ್ಪತ್ರೆಯ ನಿನ್ನ ಕಪಾಟು ಖಾಲಿ ಮಾಡಲು ನಾನೂ ಬಂದಿದ್ದೆನಲ್ಲ. ಬಾಗಿಲ ಒಳಮೈಗೆ ಒಂದು ಚಿತ್ರ ಅಂಟಿಸಿತ್ತು, ಯಾವುದೋ ಪತ್ರಿಕೆಯಿಂದ ಕತ್ತರಿಸಿದ್ದು. ನೀಲಿ ನೀರು, ಅದರಲ್ಲಿ ಒಂದು ಕೋಣೆಯಷ್ಟು ಅಗಲದ ರೆಕ್ಕೆ ಬಿಚ್ಚಿದ ತೊರಕೆ ಮೀನು. ನಾಲ್ಕು ಮೂಲೆಯ ಅಂಟುಪಟ್ಟಿ ಹಳದಿಯಾಗಿ ಗಾಜಿನ ಹಾಗೆ ಒಡೆಯುತ್ತಿತ್ತು. "ಇದೇನಕ್ಕ?" ಅಂದೆ. "ಅದಾ? ಸುಮ್ನೆ. ಹತ್ತೊಂಬತ್ತು ವರ್ಷ ಆಯ್ತು. ಥಿಯೇಟರಿನಿಂದ ಬಂದು ಬಟ್ಟೆ ಬದಲಾಯಿಸುವಾಗ ನೋಡೋಕೆ ಚೆನ್ನಾಗಿರುತ್ತೆ." ಹತ್ತೊಂಬತ್ತು ವರ್ಷ ನೀನು ದಿನಾ ನೋಡಿದ ಚಿತ್ರ ನನಗೆ ಗೊತ್ತೇ ಇರಲಿಲ್ಲ. ನಾನು ಆ ಆಸ್ಪತ್ರೆಗೆ ಎಷ್ಟು ಸಲ ಬಂದಿಲ್ಲ, ಆ ಕಪಾಟಿನ ಮುಂದೆಯೇ ನಿಂತು ನನ್ನ ಗೋಳು ಹೇಳಿಕೊಂಡಿಲ್ಲ.

"ಹೋಗೋಣ್ವಾ?" ಎಂದು ಕೇಳಿದ್ದು ಮಾತ್ರ ನಾನು. ಆ ಒಂದು ಹೆಮ್ಮೆ ನನಗಿರಲಿ. ನೀನು ನಕ್ಕೆ. "ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರೋ ವಯಸ್ಸಲ್ಲಿ ಸಮುದ್ರದ ತಳಕ್ಕಾ? ನನಗೆ ಐವತ್ತೆಂಟು, ನಿನಗೆ ನಲವತ್ತೆಂಟು. ಇಬ್ಬರದೂ ಸೇರಿಸಿದ್ರೆ ಮುಳುಗಿದ ಹಡಗಿನಷ್ಟು ವಯಸ್ಸಾಗುತ್ತೆ." ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರ ಆರೋಗ್ಯದ ಫಾರಮ್ಮಿಗೂ ಡಾಕ್ಟರ ಸಹಿ ಹಾಕಿಸಿಕೊಂಡು ನೀನೇ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದೆ.

ದೊಡ್ಡ ಹಡಗಿನಲ್ಲಿ ಆರು ಗಂಟೆ, ಆಮೇಲೆ ಪುಟ್ಟ ದೋಣಿಯಲ್ಲಿ ಎರಡು ಗಂಟೆ. ಇಳಿದಾಗ ಇದೇನಾ ಎನ್ನಿಸಿತು. ಒಂದೇ ಸಾಲಿನ ಎಂಟು ಕೋಣೆ, ಒಂದು ಅಡುಗೆಮನೆ, ಸಾಮಾನಿಡುವ ಒಂದು ಶೆಡ್ಡು, ನೀರಿನೊಳಕ್ಕೆ ಚಾಚಿದ ಒಂದು ಹಲಗೆಯ ಕಟ್ಟೆ. ಕರೆಂಟು ಸಂಜೆ ಬಂದು ಬೆಳಿಗ್ಗೆ ಹೋಗುತ್ತದೆ. ಫೋನು ಸಿಗಬೇಕಾದರೆ ಕಟ್ಟೆಯ ತುದಿಗೆ ಹೋಗಿ ಎಡಕ್ಕೆ ವಾಲಿ ನಿಲ್ಲಬೇಕು. ನೀನು ತಲುಪಿದ ಅರ್ಧ ಗಂಟೆಯಲ್ಲಿ ಕೋಣೆಯನ್ನು ಆಪರೇಷನ್ ಥಿಯೇಟರ್ ಮಾಡಿದೆ. ಕಿಟಕಿಯ ಕೆಳಗೆ ಟವೆಲು ಹಾಸಿ, ಅದರ ಮೇಲೆ ಇಬ್ಬರ ಮಾಸ್ಕು, ಇಬ್ಬರ ಕಾಲುರೆಕ್ಕೆ, ಕೂದಲ ರಬ್ಬರು, ಕೆಮ್ಮಿನ ಮಾತ್ರೆ, ಎಲ್ಲ ಎಡದಿಂದ ಬಲಕ್ಕೆ. ಶಂಖದ ಚಿಪ್ಪು ಹೊತ್ತ ಏಡಿಯೊಂದು ನನ್ನ ಚಪ್ಪಲಿಯೊಳಗೆ ಮನೆ ಮಾಡಿತ್ತು. ಅದನ್ನೂ ನೀನು ಎಣಿಸಿ, "ಬಂದಾಗ ಒಂದು, ಹೋಗುವಾಗಲೂ ಒಂದೇ ಇರಬೇಕು, ಬ್ಯಾಗಿಗೆ ಬರಬಾರದು" ಅಂದೆ.

ರಬ್ಬರಿನ ಆ ಬಿಗಿ ಅಂಗಿ ತೊಟ್ಟ ಮೊದಲ ಬೆಳಿಗ್ಗೆ ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ದೊಡ್ಡ ದಿಂಬನ್ನು ಸಣ್ಣ ಗವಸಿಗೆ ತುಂಬಿದ ಹಾಗೆ. ನೀನು ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಜಿಪ್ಪು ಎಳೆಯುತ್ತಿದ್ದೆ. ಪಕ್ಕದ ಕೋಣೆಯ ಹೊಸ ಗಂಡಹೆಂಡಿರು ಬಾಗಿಲಲ್ಲಿ ನಿಂತು, "ಆಂಟಿ, ಹೆಲ್ಪ್ ಬೇಕಾ?" ಅಂದರು. "ಬೇಡಪ್ಪ, ಇದು ಹಳೇ ಪೇಷಂಟು, ನನಗೆ ಅಭ್ಯಾಸ ಇದೆ" ಅಂದೆ ನೀನು.

ಇನ್ನು ನಮ್ಮ ಟೀಚರು. ನಮಗಿಂತ ಎಷ್ಟೋ ಚಿಕ್ಕವಳು, ಗಿಡ್ಡಗೆ, ಬಿಸಿಲಿಗೆ ಮೂಗಿನ ತುದಿ ಸುಲಿದವಳು. ಮಾತು ಕಡಿಮೆ. ಶೆಡ್ಡಿನ ಬಿಳಿ ಹಲಗೆಯ ಮೇಲೆ ದಿನದಿನದ ಹೆಸರು, ಸಮಯ ಬರೆಯುತ್ತಿದ್ದಳು. ಅದರ ತಲೆಯ ಮೇಲೆ ಅಳಿಸದ ಎರಡು ಸಾಲು. ಜೋಡಿಯ ಗಾಳಿ ಜೋಡಿಯೇ ನೋಡಬೇಕು. ನೋಡದವರು ಮರುದಿನ ದಡದಲ್ಲಿ.

ಅದನ್ನು ಅವಳು ಎಷ್ಟು ಸಲ ಹೇಳಿದಳು. ಗಾಳಿಯ ಸಿಲಿಂಡರಿನ ತಲೆಯ ಮೇಲಿನ ತಿರುಪನ್ನು ಪೂರ್ತಿ ಬಿಚ್ಚಬೇಕು. ಅರ್ಧ ಸುತ್ತು ಮಾತ್ರ ಬಿಚ್ಚಿದ್ದರೆ ಮೇಲಿದ್ದಾಗ ಏನೂ ಗೊತ್ತಾಗುವುದಿಲ್ಲ, ಉಸಿರು ಸರಾಗವಾಗಿಯೇ ಬರುತ್ತದೆ. ಆಳಕ್ಕೆ ಹೋದಂತೆ ಗಾಳಿ ಸಾಲದೆ ಬರುತ್ತದೆ. ಬೆನ್ನಿಗೆ ಕಟ್ಟಿಕೊಂಡ ಮೇಲೆ ಆ ತಿರುಪು ನಮ್ಮ ಕಣ್ಣಿಗೂ ಬೀಳುವುದಿಲ್ಲ, ಕೈಗೂ ಸುಲಭಕ್ಕೆ ಎಟುಕುವುದಿಲ್ಲ. ಅದಕ್ಕೆ ಜೋಡಿ. ಒಬ್ಬರು ನಾಲ್ಕು ಸಲ ಉಸಿರೆಳೆಯಬೇಕು, ಇನ್ನೊಬ್ಬರು ಅವರ ಗಾಳಿ ಎಷ್ಟಿದೆ ಎಂದು ತೋರಿಸುವ ಮೀಟರು ಹಿಡಿದು ಮುಳ್ಳನ್ನು ನೋಡಬೇಕು. ಮುಳ್ಳು ಅಲುಗದೆ ನಿಂತರೆ ಸರಿ. ಉಸಿರಿಗೊಮ್ಮೆ ನಡುಗಿದರೆ ತಿರುಪು ಅರ್ಧ ಮುಚ್ಚಿದೆ ಎಂದು ಅರ್ಥ. "ನಾಲ್ಕು ಉಸಿರು. ಎರಡಲ್ಲ, ಮೂರಲ್ಲ" ಎನ್ನುತ್ತಿದ್ದಳು. ನಿನಗೆ ಅವಳು ಅಂದೇ ಹಿಡಿಸಿದಳು. ಮೂವತ್ತನಾಲ್ಕು ವರ್ಷ ನೀನು ಹತ್ತಿಬಟ್ಟೆ, ಕತ್ತರಿ, ಚಿಮ್ಮಟ ಎಲ್ಲ ಎಣಿಸಿ "ಸರಿ ಇದೆ" ಎನ್ನುವವರೆಗೆ ಯಾವ ಸರ್ಜನ್ನೂ ಹೊಲಿಗೆಯ ಸೂಜಿ ಎತ್ತಿದ್ದಿಲ್ಲ.

ಮೊದಲ ಮೂರು ದಿನ ಎದೆಮಟ್ಟದ ನೀರಿನಲ್ಲಿ ಕಲಿತೆವು. ಮಾಸ್ಕಿನ ನೀರು ಊದಿ ತೆಗೆಯುವುದು, ಆಳದ ಒತ್ತಡಕ್ಕೆ ಕಟ್ಟುವ ಕಿವಿ ಬಿಡಿಸಿಕೊಳ್ಳುವುದು, ಜೋಡಿಯ ಗಾಳಿ ಕೆಟ್ಟರೆ ನಮ್ಮ ಎದೆಯ ಮೇಲೆ ಸಿಕ್ಕಿಸಿದ ಎರಡನೇ ಬಾಯಿಕೊಳವೆಯನ್ನು ಕೊಡುವುದು. ನಾನು ಅದನ್ನು ಮೂರು ಸಲ ಬೀಳಿಸಿದೆ. ನೀನು ಕೋಣೆಯಲ್ಲೂ ಬಿಡಲಿಲ್ಲ. ಹಲ್ಲುಜ್ಜುತ್ತಿದ್ದವಳನ್ನು ಹಿಡಿದು, "ನನಗೆ ಗಾಳಿ ಇಲ್ಲ. ಕೊಡು" ಎಂದು ಕೈ ಒಡ್ಡುತ್ತಿದ್ದೆ. ನಾನು ಬ್ರಷ್ಷು ಕೊಡುತ್ತಿದ್ದೆ. "ಥೂ, ಸತ್ತೆ ನಾನು" ಅನ್ನುತ್ತಿದ್ದೆ ನೀನು.

ನಾಲ್ಕನೇ ದಿನ ದೋಣಿಯಲ್ಲಿ ಹೊರಗೆ ಹೋದೆವು. ಅಲ್ಲಿಂದ ಮುಂದಿನದನ್ನು ನಿಧಾನವಾಗಿ ಓದು.

ನೀನು ದೋಣಿಯ ಹಿಂಬದಿಯ ಬೆಂಚಿನಲ್ಲಿ ನಿನ್ನ ಸಿಲಿಂಡರಿನ ತಿರುಪು ಬಿಚ್ಚುತ್ತಿದ್ದೆ. ಅರ್ಧ ಸುತ್ತಿಗೆ ಬಂದಿದ್ದೆ. ನಾನು ಆಚೆ ಬದಿಯಿಂದ, "ಅಕ್ಕಾ, ಈ ಪಟ್ಟಿ ಎಲ್ಲಿಗೆ ಹೋಗುತ್ತೆ ನೋಡೇ" ಎಂದು ಕೂಗಿದೆ. ನೀನು ಕೈ ಬಿಟ್ಟು ಎದ್ದು ಬಂದೆ. ನಾನು ಕರೆದಾಗಲೆಲ್ಲ ನೀನು ಕೈಯಲ್ಲಿದ್ದದ್ದನ್ನು ಬಿಟ್ಟೇ ಬಂದಿದ್ದೀಯ. ಪಟ್ಟಿ ಬಿಗಿದೆ, ನನ್ನ ಮೀಟರು ಹಿಡಿದು ನಾಲ್ಕು ಉಸಿರು ಎಣಿಸಿದೆ, ಮುಳುಗಲು ಸೊಂಟಕ್ಕೆ ಕಟ್ಟುವ ನನ್ನ ತೂಕದ ಬೆಲ್ಟು ಜಗ್ಗಿ ನೋಡಿದೆ. ಅಷ್ಟರಲ್ಲಿ ಟೀಚರು ಹೊರಡಿ ಅಂದಳು. ನೀನು ಸಿಲಿಂಡರು ಬೆನ್ನಿಗೇರಿಸಿಕೊಂಡು ನನ್ನ ಮುಂದೆ ಬಂದು ನಿಂತು, ಮೀಟರನ್ನು ನನ್ನ ಕೈಗೆ ಕೊಟ್ಟು, ಉಸಿರೆಳೆದೆ.

ನಾನು ನೋಡಲಿಲ್ಲ ಅಕ್ಕ. ಮೀಟರು ಕೈಯಲ್ಲಿತ್ತು, ಕಣ್ಣು ಅದರ ಮೇಲಿರಲಿಲ್ಲ. ನಿನ್ನ ಭುಜದ ಹಿಂದೆ ನೀರಿನ ಬಣ್ಣ ಒಂದು ಕಡೆ ಹಸಿರಿನಿಂದ ನೀಲಿಗೆ ತಿರುಗುತ್ತಿತ್ತು. ಆ ಗೆರೆಯನ್ನು ಏನೆಂದು ಕರೆಯಬಹುದು ಎಂದು ಮನಸ್ಸಿನಲ್ಲೇ ಪದ ಹುಡುಕುತ್ತಿದ್ದೆ. ನೀನು ಎಳೆದದ್ದು ನಾಲ್ಕು ಉಸಿರೋ ಎರಡೋ ಅದೂ ಗೊತ್ತಿಲ್ಲ. ಬೆರಳು ಮಡಚಿ "ಸರಿ" ಎಂದು ತೋರಿಸಿದೆ. ನೀನು ನಂಬಿದೆ. ಅಚ್ಚಿಗೆ ಹೋಗುವ ಪುಟದಲ್ಲಿ ಬಿಟ್ಟುಹೋದ ಒಂದು ಚುಕ್ಕಿಯನ್ನು ಹಿಡಿಯುವುದು ನನ್ನ ಹೊಟ್ಟೆಪಾಡು. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಕೈಯಲ್ಲಿದ್ದ ಮುಳ್ಳು ನಡುಗಿದ್ದು ಕಾಣಲಿಲ್ಲ.

ಕೆಳಗೆ ಹತ್ತು ಮೀಟರು ಆಳದಲ್ಲಿ ಹವಳದ ಬಂಡೆಯ ಮೇಲೆ ಹಳದಿ ಮೀನುಗಳ ಹಿಂಡು. ಅದರಲ್ಲಿ ಕಳೆದುಹೋಗಿದ್ದೆ. ತೋಳಿನ ಮೇಲೆ ನಿನ್ನ ಕೈ ಬಿತ್ತು. ತಿರುಗಿದೆ. ಮಾಸ್ಕಿನೊಳಗೆ ನಿನ್ನ ಕಣ್ಣು ದೊಡ್ಡದಾಗಿತ್ತು. ಆದರೆ ನೀನು ಗಾಬರಿಯಿಂದ ಬಡಿದಾಡಲಿಲ್ಲ. ನಿನ್ನ ಮೀಟರನ್ನು ಎತ್ತಿ, ನನ್ನ ಮುಖದ ಹತ್ತಿರ, ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದೆ. ನೋಡು, ಎಂದು. ನೀನು ಉಸಿರೆಳೆದೆ, ಮುಳ್ಳು ಸೊನ್ನೆಗೆ ಬಿತ್ತು. ಬಿಟ್ಟೆ, ನಿಧಾನವಾಗಿ ಮೇಲೆದ್ದಿತು. ಮತ್ತೆ ಎಳೆದೆ, ಮತ್ತೆ ಬಿತ್ತು.

ನನ್ನ ನಲವತ್ತೆಂಟು ವರ್ಷದಲ್ಲಿ ನೀನು ನನಗೆ "ನನ್ನನ್ನು ನೋಡು" ಎಂದು ಕೇಳಿದ್ದು ಅದೊಂದೇ ಸಲ.

ಕೈ ತಾನಾಗಿ ಎದೆಗೆ ಹೋಯಿತು. ಎರಡನೇ ಕೊಳವೆಯನ್ನು ಕಿತ್ತು ನಿನ್ನ ಬಾಯಿಗೆ ಕೊಟ್ಟೆ. ಬೀಳಿಸಲಿಲ್ಲ. ಹಲ್ಲುಜ್ಜುವಾಗ ಕಾಡಿದ್ದಕ್ಕೆ ಈಗ ನಿನ್ನ ಕೈ ಹಿಡಿದು ಧನ್ಯವಾದ ಹೇಳಬೇಕು ಅನ್ನಿಸುತ್ತದೆ. ನೀನು ನನ್ನ ಭುಜದ ಪಟ್ಟಿ ಹಿಡಿದುಕೊಂಡೆ, ನಾನು ನಿನ್ನದು. ಒಂದೇ ಸಿಲಿಂಡರಿನಿಂದ ಇಬ್ಬರೂ ಉಸಿರಾಡಿದೆವು. ಟೀಚರು ಅಷ್ಟು ದೂರದಿಂದ ಈಜಿ ಬರುವವರೆಗೆ, ಒಂದು ನಿಮಿಷ ಇರಬಹುದು. ನಿನ್ನ ಗುಳ್ಳೆ ನನ್ನ ಗುಳ್ಳೆ ಬೆರೆತು ಮೇಲೆ ಹೋಗುತ್ತಿದ್ದವು. ಅವಳು ನಿನ್ನ ಬೆನ್ನ ಹಿಂದೆ ಕೈ ಹಾಕಿ ತಿರುಪು ಪೂರ್ತಿ ಬಿಚ್ಚಿದಳು. ಮುಳ್ಳು ನಿಂತಿತು. ಅಷ್ಟೇ ಆಗಿದ್ದು. ಅಷ್ಟಕ್ಕೇ ಮುಗಿದದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಸಿಕ್ಕಸಿಕ್ಕ ಕಡೆಗೆಲ್ಲ ಮುಗಿದಿದ್ದೇನೆ.

ದೋಣಿ ಹತ್ತಿದ ಮೇಲೆ ಅವಳು ಕೇಳಿದಳು. "ಇಬ್ಬರಲ್ಲಿ ಯಾರು ನೋಡ್ಲಿಲ್ಲ?"

ನಾನು ಬಾಯಿ ತೆರೆಯುವ ಮುಂಚೆ ನೀನು ಹೇಳಿಬಿಟ್ಟೆ. "ನಂದೇ ತಪ್ಪು. ಅವಳು ನೋಡ್ತೀನಿ ಅಂದ್ಲು. ನಾನೇ ಎಲ್ಲಾ ಆಗಿದೆ ಬಾ ಅಂದೆ."

"ಮೂವತ್ತನಾಲ್ಕು ವರ್ಷ ಥಿಯೇಟರಲ್ಲಿ ಇದ್ದೆ ಅಂದ್ರಿ."

"ಇದ್ದೆ. ವಯಸ್ಸಾಯ್ತು ನೋಡಿ, ಮರೆವು."

ಒಂದು ಸೂಜಿಯನ್ನೂ ಮರೆಯದ ನೀನು, ಅಪರಿಚಿತರ ಮುಂದೆ, ದೋಣಿಯವನ ಮುಂದೆ, ಆ ಹೊಸ ಗಂಡಹೆಂಡಿರ ಮುಂದೆ ಮರೆವು ಅಂದೆ. ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂದಲು ಒರೆಸಿಕೊಳ್ಳುತ್ತಲೇ ಇದ್ದೆ. ಒರೆಸಲು ಅಷ್ಟು ಕೂದಲು ನನಗಿಲ್ಲ.

ಐದನೇ ದಿನ ನೀನು ದಡದಲ್ಲಿ ಉಳಿದೆ, ನಾನು ಹೋದೆ. ಆ ದಿನವೇ ಬರಬೇಕೇ ಅದು. ಎಲ್ಲರೂ ಮರಳಿನ ಮೇಲೆ ಮಂಡಿಯೂರಿ ಕಾಯುತ್ತಿದ್ದೆವು, ದೊಡ್ಡ ಬಂಡೆಯ ಹತ್ತಿರ. ಸಣ್ಣ ಮೀನುಗಳಿಂದ ಮೈ ತೊಳೆಸಿಕೊಳ್ಳಲು ಅದು ಅಲ್ಲಿಗೆ ಬರುತ್ತದಂತೆ. ಮೊದಲು ನೆರಳು ಬಂತು, ಆಮೇಲೆ ಮೀನು. ನನ್ನ ತಲೆಯ ಮೇಲೆ ಹಾದುಹೋಯಿತು. ನಿನ್ನ ಹತ್ತೊಂಬತ್ತು ವರ್ಷದ ಚಿತ್ರ ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು, ನಿನ್ನ ಜಾಗದಲ್ಲಿ ನಾನು ಕೂತಿದ್ದೆ. ಮಾಸ್ಕಿನೊಳಗೆ ಅತ್ತರೆ ಮೂಗು ಕಟ್ಟುತ್ತದೆ ಎಂದು ಆಗ ತಿಳಿಯಿತು.

ಬಂದಾಗ ನೀನು ಕಟ್ಟೆಯ ತುದಿಯಲ್ಲೇ ನಿಂತಿದ್ದೆ. "ಬಂತಾ?" ಬಂತು ಅಂದೆ. ನಿನ್ನ ಮುಖದಲ್ಲಿ ಒಂದು ಎಳೆಯಷ್ಟಾದರೂ ಬೇಸರ ಹುಡುಕಿದೆ. ಸಿಕ್ಕಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು. "ಹೇಗಿತ್ತೇ? ಹೇಳೇ. ಕೂತ್ಕೊಂಡು ಹೇಳು." ಮೂರು ಸಲ ಹೇಳಿಸಿದೆ. ಇಷ್ಟು ಕವಿತೆ ಓದಿದವಳು, ಎಂ.ಎ. ಮಾಡಿದವಳು, ನನ್ನ ಬಾಯಿಂದ ಬಂದದ್ದು ಇಷ್ಟೇ: "ದೊಡ್ಡದಕ್ಕ. ತುಂಬಾ ದೊಡ್ಡದು. ಒಗೆದ ಬೆಡ್‌ಶೀಟನ್ನ ಇಬ್ಬರು ಎರಡು ಕಡೆ ಹಿಡಿದು ಕೊಡವಿದ ಹಾಗೆ." ನಾವಿಬ್ಬರೂ ಮಹಡಿಯ ಮೇಲೆ ಕೊಡವುತ್ತಿದ್ದೆವಲ್ಲ, ಹಾಗೆ. ನೀನು ಕೇಳಿದೆ, "ಹೊಟ್ಟೆ ಮೇಲೆ ಚುಕ್ಕೆ ಎಷ್ಟಿತ್ತು? ಒಂದೊಂದಕ್ಕೂ ಬೇರೆ ಬೇರೆ ಇರುತ್ತಂತೆ, ಅದರಿಂದಾನೇ ಗುರುತು ಹಿಡಿಯೋದಂತೆ." ನಾನು ಎಣಿಸಿರಲಿಲ್ಲ. "ಇಷ್ಟು ಹತ್ತಿರ ಬಂದಿತ್ತು, ಎಣಿಸ್ಲಿಲ್ವಾ? ಮರೆಗುಳಿ" ಎಂದು ತಲೆಗೆ ಮೊಟಕಿದೆ.

ಆ ಸಂಜೆ, ಕರೆಂಟು ಬರುವ ಮುಂಚೆ, ನೀನು ಸ್ನಾನಕ್ಕೆ ಹೋದಾಗ ನಾನು ಶೆಡ್ಡಿಗೆ ಹೋದೆ. ಟೀಚರು ಹರಿದ ಪಟ್ಟಿಯೊಂದನ್ನು ಹೊಲಿಯುತ್ತಿದ್ದಳು. ಹೇಳಿದೆ. ಎಲ್ಲ ಹೇಳಿದೆ, ನೀರಿನ ಬಣ್ಣದ ವಿಷಯವನ್ನೂ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆನೋ ಏನೋ. ಅವಳ ಮುಖ ಬಿಗಿದುಕೊಂಡಿತು.

"ಇವತ್ತು ನಿಮ್ಮನ್ನ ಕೆಳಗೆ ಕರ್ಕೊಂಡು ಹೋದೆ ಮೇಡಂ, ಸರಿಯಾಗಿ ನೋಡೋರು ಅಂತ ನಂಬಿ. ನಿಮ್ಮ ಜೊತೆ ಬೇರೆಯವರನ್ನ ಜೋಡಿ ಮಾಡಿ ಕಳಿಸಿದೆ. ನಾನು ಯಾರನ್ನ ಕರ್ಕೊಂಡು ಹೋಗ್ತಿದ್ದೀನಿ ಅಂತ ನನಗೆ ಗೊತ್ತಿರ್ಬೇಕಲ್ವಾ? ನಿಮ್ಮ ಅಕ್ಕ ಹೇಳಿದ್ದು ಪ್ರೀತಿಗೇ ಇರ್ಬಹುದು. ಕೆಳಗೆ ಅಂಥ ಪ್ರೀತಿ ಆಗಲ್ಲ."

ನಾಳೆ ನಾನು ದಡದಲ್ಲಿ ಕೂರುತ್ತೇನೆ, ಅಕ್ಕ ಹೋಗಲಿ, ಅವಳಿಗೆ ಮಾತ್ರ ಹೇಳಬೇಡಿ ಅಂದೆ. ಅವಳು ದಾರ ಕಚ್ಚಿ ತುಂಡು ಮಾಡಿದಳು. "ನಾನು ಹೇಳಲ್ಲ. ನೀವು ಹೇಳ್ಬೇಕು. ನೀವು ಹೇಳಿದ್ರಿ ಅಂತ ಅವರು ನನಗೆ ಒಂದು ಸಾಲು ಬರೆದ ದಿನ ನಿಮ್ಮ ಕಾರ್ಡಿಗೆ ಸಹಿ." ನಾನು ಕೋಣೆಗೆ ಬಂದು ನಿನಗೆ ಕಿವಿ ನೋವು ಎಂದೆ. ಹೇಳಲು ಬಾಯಿ ತೆರೆದೆ, ಬಂದದ್ದು ಕಿವಿ.

ಆರನೇ ದಿನ ನಾನು ದಡದಲ್ಲಿದ್ದೆ. ನಿನಗೆ ನನ್ನ ಕಿವಿಗೆಂದು ಹತ್ತಿ, ಬೆಚ್ಚಗಿನ ಎಣ್ಣೆ ಎಲ್ಲ ಸಿದ್ಧಪಡಿಸಿಟ್ಟು ಹೋಗುವ ಗಡಿಬಿಡಿ. ದಡದಲ್ಲಿರುವವರಿಗೆ ಕೆಲಸವಿತ್ತು: ಹಿಂದಿನ ದಿನದ ಮಾಸ್ಕು, ಅಂಗಿ, ಪಟ್ಟಿಗಳನ್ನೆಲ್ಲ ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ ಉಪ್ಪು ಬಿಡಿಸುವುದು. ಅಂಗಿಗಳನ್ನು ಸಾಲಾಗಿ ತೂಗುಹಾಕಿದೆ. ತಲೆಯಿಲ್ಲದ ಮಂದಿ ಸರದಿಯಲ್ಲಿ ನಿಂತ ಹಾಗೆ ಕಾಣುತ್ತಿದ್ದವು. ನನ್ನ ಅಂಗಿಯ ಎದೆಯ ಭಾಗವನ್ನು ತಿಕ್ಕುವಾಗ ಏನೋ ನೆನಪಾಯಿತು.

ನಾನು ಒಂದನೇ ತರಗತಿ, ನೀನು ಕಾಲೇಜು. ಅಮ್ಮ ಬೆಳಗಿನ ಪಾಳಿಗೆ ಹೋಗಿರುತ್ತಿದ್ದಳು. ಶಾಲೆಯ ಗೇಟಿನ ಹತ್ತಿರ ನೀನು ನನ್ನನ್ನು ನಿಲ್ಲಿಸಿ ನೋಡುತ್ತಿದ್ದೆ: ಬಟನ್ನು, ಕರವಸ್ತ್ರ, ಪೆನ್ಸಿಲು, ಊಟದ ಡಬ್ಬಿ. ನಾಲ್ಕೂ ಇದ್ದರೆ ಬೆನ್ನಿಗೊಂದು ಏಟು, ಹೋಗು ಎಂದು. ಎಂ.ಎ. ಪರೀಕ್ಷೆಯ ದಿನ ಹಾಲ್ ಟಿಕೆಟ್ ಮರೆತಾಗ ಡ್ಯೂಟಿಯ ಬಿಳಿ ಬಟ್ಟೆಯಲ್ಲೇ ಓಡಿಬಂದದ್ದು ನೀನು. ನನ್ನ ಮದುವೆ ಮುರಿದ ವರ್ಷ ವಾರಕ್ಕೆರಡು ಸಲ ಬಂದು ಫ್ರಿಜ್ಜಿನ ಬಾಗಿಲು ತೆಗೆದು, ಏನಿದೆ ಏನಿಲ್ಲ ನೋಡಿ, ಮಾತಾಡದೆ ಮಾರುಕಟ್ಟೆಗೆ ಹೋಗುತ್ತಿದ್ದದ್ದು ನೀನು.

ನಾನು? ಆರು ವರ್ಷದ ಕೆಳಗೆ ಒಂದು ಭಾನುವಾರ ನಿಮ್ಮ ಮನೆಗೆ ಬಂದಿದ್ದೆ. ಹೊಸದಾಗಿ ಬರೆದ ಕವಿತೆಯನ್ನು ನಿನಗೆ ಓದಿ ಹೇಳಿದೆ, ಎರಡು ಸಲ. ನೀನು ಬಟಾಣಿ ಬಿಡಿಸುತ್ತಾ "ಚೆನ್ನಾಗಿದೆ" ಅಂದೆ. ಎದೆಯಲ್ಲಿ ಸಿಕ್ಕಿದ ಗಂಟಿನ ರಿಪೋರ್ಟಿಗೆ ಆ ವಾರ ನೀನು ಕಾಯುತ್ತಿದ್ದೆ. ಅದು ನನಗೆ ತಿಳಿದದ್ದು ತಿಂಗಳಾದ ಮೇಲೆ, ಏನೂ ಇಲ್ಲ ಎಂದು ಬಂದ ಮೇಲೆ, ಭಾವ ಮಾತಿನ ನಡುವೆ ಹೇಳಿದಾಗ. ಆ ಭಾನುವಾರ ನಿನ್ನ ಕೈ ನಡುಗಿತ್ತಾ ಅಕ್ಕ? ಎಷ್ಟು ನೆನೆದರೂ ನನಗೆ ಬಟಾಣಿಯ ಹಸಿರು ಬಣ್ಣವೇ ಕಾಣುತ್ತದೆ, ನಿನ್ನ ಕೈ ಕಾಣುವುದಿಲ್ಲ.

ಮಧ್ಯಾಹ್ನ ನೀನು ದೋಣಿಯಿಂದ ಇಳಿದೆ. ನಾನು ಕೇಳುವ ಮುಂಚೆಯೇ, "ಬಂತು ಕಣೇ, ಬಂತು" ಅಂದೆ. "ನೀನು ಹೇಳಿದ ಹಾಗೇ. ಬೆಡ್‌ಶೀಟ್ ಕೊಡವಿದ ಹಾಗೆ." ನನಗೆ ಎಷ್ಟು ಸಂತೋಷವಾಯಿತೆಂದರೆ ನಿನ್ನನ್ನು ತಬ್ಬಿಕೊಂಡು ನನ್ನ ಅಂಗಿಯೆಲ್ಲ ಒದ್ದೆ ಮಾಡಿಕೊಂಡೆ. ಆಮೇಲೆ ಕೇಳಿದೆ, "ಚುಕ್ಕೆ ಎಷ್ಟಿತ್ತು?"

"ಅಯ್ಯೋ, ಎಣಿಸೋಕೆ ಎಲ್ಲಿ ಬಿಡುತ್ತೆ ಅದು. ಹೋಗೇ ಹೋಯ್ತು."

ಅಲ್ಲೇ ಗೊತ್ತಾಯಿತು ನನಗೆ. ನೀನು ನೋಡಿದ್ದರೆ ಚುಕ್ಕೆ ಎಣಿಸದೆ ಬರುತ್ತಿರಲಿಲ್ಲ. ನನ್ನ ಕಣ್ಣಿಗೆ ಬೀಳದ ಹತ್ತು ವಿಷಯ ನೀನು ಹೇಳುತ್ತಿದ್ದೆ, ಬಾಲದ ಉದ್ದ ಹೇಳುತ್ತಿದ್ದೆ, ಎಡ ರೆಕ್ಕೆಗೆ ಏನಾದರೂ ಗಾಯವಾಗಿದ್ದರೆ ಎಷ್ಟು ದಿನದ ಹಳೆಯದೆಂದೂ ಹೇಳುತ್ತಿದ್ದೆ. ನೀನು ನನ್ನದೇ ಬೆಡ್‌ಶೀಟನ್ನು ನನಗೆ ಹಿಂದಕ್ಕೆ ಕೊಟ್ಟೆ. ಸಂಜೆ ಹಗ್ಗ ಸುತ್ತುತ್ತಿದ್ದ ದೋಣಿಯವನನ್ನು ನಾನು ಸುಮ್ಮನೆ ಕೇಳಿದೆ. "ಇವತ್ತು ಬರ್ಲಿಲ್ಲ ಮೇಡಂ. ನಿಮ್ಮ ಅಕ್ಕ ಮಾತ್ರ ಕೊನೇವರೆಗೂ ಬಂಡೆ ಹತ್ರಾನೇ ಕಾಯ್ತಾ ಇದ್ರಂತೆ" ಅಂದ.

ಕಿವಿನೋವಿನವಳು ಒಬ್ಬಳೇ ಕೂತು ನಿನಗಾಗಿ ಕಾಯುತ್ತಿದ್ದಾಳೆ, ಅವಳಿಗೆ ಬೇಸರವಾಗಬಾರದು ಎಂದು ನೀನು ಅಷ್ಟು ಹೇಳಿದೆ. ಮರುದಿನ ಹಿಂತಿರುಗುವ ಹಡಗಿನಲ್ಲಿ ಆರು ಗಂಟೆ ನೀನು ನನ್ನ ಕಿವಿಗೆ ಗಾಳಿ ತಾಗದ ಹಾಗೆ ಗಾಳಿಯ ಕಡೆಗೇ ಕೂತೆ. ನಾನು ನಿನ್ನ ಭುಜಕ್ಕೊರಗಿ ನಿದ್ದೆ ಬಂದವಳ ಹಾಗೆ ನಟಿಸಿದೆ. ಒಬ್ಬರ ಸುಳ್ಳಿನ ಮೇಲೆ ಇನ್ನೊಬ್ಬರು ಸುಳ್ಳು ಹೊದಿಸಿಕೊಂಡು ನಾವು ಊರಿಗೆ ಬಂದೆವು.

ಕ್ಷಮಿಸು ಎಂದು ಬರೆದರೆ ನೀನು "ಏನು ಮಹಾ ಆಗಿದ್ದು" ಎಂದು ಪುಟ ತಿರುಗಿಸುತ್ತೀಯ. ಆದರೂ ಬರೆದಿದ್ದೇನೆ, ಇದೇ ಸಾಲಿನಲ್ಲಿ ಇದೆ, ಕಣ್ಣು ತಪ್ಪಿಸಿ ಹೋಗಬೇಡ. ಅದಕ್ಕಿಂತ ದೊಡ್ಡದು ನನ್ನೊಳಗೆ ಇರುವುದು ಋಣ. ನೀನು ಹಾಕಿದ ಬಟನ್ನುಗಳ ಋಣ. ಕೂಗಿದಾಗ ಎದ್ದುಬಂದ ಋಣ. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತು ಮೀಟರು ಆಳದಲ್ಲಿ ನಿನಗೆ ಉಸಿರು ಸಿಗದಾಗ ನೀನು ಮೇಲಕ್ಕೆ ಓಡದೆ, ಟೀಚರನ್ನು ಹುಡುಕದೆ, ನನ್ನ ತೋಳು ಮುಟ್ಟಿದ್ದಕ್ಕೆ. ಏನನ್ನೂ ಸರಿಯಾಗಿ ಹಿಡಿಯಲು ಬಾರದ ಈ ಕೈ ಕೊಡುತ್ತದೆ ಎಂದು ನಂಬಿದ್ದಕ್ಕೆ. ನಾನು ಯಾರಿಗಾದರೂ ನಿಜವಾಗಿ ಬೇಕಾದ ಒಂದು ನಿಮಿಷ ನನ್ನ ಬಾಳಿನಲ್ಲಿ ಇದೆ ಎಂದರೆ ಅದನ್ನು ಕೊಟ್ಟವಳು ನೀನು. ಈಗ ರಸ್ತೆ ದಾಟುವಾಗ, ಪ್ರೆಸ್ಸಿನಲ್ಲಿ ಪುಟ ತಿದ್ದುವಾಗ, ಇದ್ದಕ್ಕಿದ್ದಂತೆ ನನ್ನ ಉಸಿರು ನನಗೇ ಕೇಳಿಸುತ್ತದೆ, ಪಕ್ಕದಲ್ಲಿ ನಿನ್ನದೂ.

ಇನ್ನು ಎರಡು ಕೆಲಸ. ಒಂದು, ಟೀಚರಿಗೆ ಒಂದು ಸಾಲು ಬರಿ, ಇವಳು ಹೇಳಿದಳು ಎಂದು. ವಿಳಾಸ ಲಕೋಟೆಯಲ್ಲಿ ಇಟ್ಟಿದ್ದೇನೆ. ನನ್ನ ಪರವಾಗಿ ಏನೂ ಸೇರಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಎರಡು, ಮುಂದಿನ ವರ್ಷ ಇದೇ ತಿಂಗಳು ಬಿಡುವು ಇಟ್ಟುಕೋ. ಆ ತೊರಕೆ ಹೆಚ್ಚಾಗಿ ಬರುವ ಕಾಲ ಇದೇ ಅಂತೆ, ಕೇಳಿ ತಿಳಿದುಕೊಂಡಿದ್ದೇನೆ. ಕಿಟಕಿಯ ಕೆಳಗೆ ಟವೆಲು ನಾನು ಹಾಸುತ್ತೇನೆ. ದೋಣಿಯಲ್ಲಿ ನಾನು ಯಾವ ಪಟ್ಟಿಗೂ ನಿನ್ನನ್ನು ಕರೆಯುವುದಿಲ್ಲ. ನೀನು ನನ್ನ ಮುಂದೆ ನಿಂತು ಉಸಿರೆಳೆ. ಸಮುದ್ರ ಯಾವ ಬಣ್ಣಕ್ಕೆ ಬೇಕಾದರೂ ತಿರುಗಲಿ. ಒಂದು, ಎರಡು, ಮೂರು, ನಾಲ್ಕು. ನಾನು ಮುಳ್ಳನ್ನೇ ನೋಡುತ್ತಿರುತ್ತೇನೆ. ಆಮೇಲೆ ನೀನು ಕೆಳಗೆ ಹೋಗಿ ಚುಕ್ಕೆ ಎಣಿಸಿಕೊಂಡು ಬಾ.

ನಿನ್ನ ಮೊಣಕಾಲು ಗಟ್ಟಿಯಾಗಿರಲಿ, ನಿನ್ನ ಉಸಿರು ಸರಾಗವಾಗಿರಲಿ. ಚಿಕ್ಕವಳು ದೊಡ್ಡವರನ್ನು ಹರಸಬಾರದು ಎನ್ನಬೇಡ, ಇಷ್ಟು ದಿನ ನೀನು ಹರಸಿದ್ದರಲ್ಲೇ ಒಂದಿಷ್ಟು ತೆಗೆದು ಕೊಡುತ್ತಿದ್ದೇನೆ.

ಎರಡೂ ಕಿವಿ ನೆಟ್ಟಗಿರುವ,
ನಿನ್ನ ಮರೆಗುಳಿ